ಸುರಪುರ ಸೀಮೆಯ ಇತಿಹಾಸದಲ್ಲಿ ಅಂಜಿಕೆಯ ದೇಹಚಿಹ್ನೆಗಳು ಮತ್ತು ಅವುಗಳ ಶಮನೋಪಾಯ

ಅರಸರ ವಂಶಾವಳಿ, ದಂಡಯಾತ್ರೆ, ಕರಾರುಪತ್ರ, ಕಂದಾಯ ಇವುಗಳನ್ನು ಕುರಿತು ನಮ್ಮ ಇತಿಹಾಸಕಾರರು ಸಾಕಷ್ಟು ಶ್ರಮವಹಿಸಿ ಬರೆದಿದ್ದಾರೆ. ಆದರೆ ಆ ಅರಸರೂ ಅವರ ದಂಡಿನ ಆಳುಗಳೂ ಆತಂಕದ ರಾತ್ರಿಗಳನ್ನು ಹೇಗೆ ಕಳೆದರು, ಎದೆ ಹೊಡೆದುಕೊಂಡಾಗ, ಕೈ ನಡುಗಿದಾಗ, ನಿದ್ದೆ ಹತ್ತದಿದ್ದಾಗ ಯಾವ ಉಪಾಯವನ್ನು ಕೈಕೊಂಡರು ಎಂಬ ಪ್ರಶ್ನೆಯನ್ನು ವೈದ್ಯರಿಗೆ ಬಿಟ್ಟುಕೊಟ್ಟಂತೆ ತೋರುತ್ತದೆ. ಈ ಪ್ರಶ್ನೆ ಇತಿಹಾಸಕ್ಕೂ ಸೇರಿದ್ದೆಂದು ತಿಳಿದು, ಯಾದಗಿರಿ, ಶಹಾಪುರ, ಸುರಪುರಗಳ ಪ್ರದೇಶಕ್ಕೆ ಸಂಬಂಧಿಸಿದ ಎರಡು ಪ್ರಸಂಗಗಳನ್ನು ಆಧಾರವಾಗಿಟ್ಟುಕೊಂಡು ಅದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಒಂದು ೧೭೦೫ರದು, ಇನ್ನೊಂದು ೧೮೫೮ರದು.

ಮೊದಲಿಗೆ ಭಾಷೆಯ ಸಾಕ್ಷ್ಯ. ಈ ಸೀಮೆಯ ರೈತನು ತನಗೆ ಚಿಂತೆಯಾಗಿದೆ ಎಂದು ಹೇಳುವುದು ಅಪರೂಪ. ‘ಎದಿ ಹಾರ್ತದ’ ಎನ್ನುತ್ತಾನೆ. ‘ಜೀವ ಕಳವಳಸ್ತದ’, ‘ಕೈಕಾಲಾಗ ಜೀವಿಲ್ಲ’, ‘ಹೊಟ್ಟ್ಯಾಗ ಕಿವುಚಿದಂಗಾಗ್ತದ’ ಎನ್ನುತ್ತಾನೆ. ಗ್ರಾಂಥಿಕ ಕನ್ನಡದಲ್ಲಿಯೂ ಇದೇ ಮಾತು: ಎದೆಗುಂದು, ಎದೆಗೆಡು, ಮೈ ನವಿರೇಳು, ಗಂಟಲು ಆರು. ಎದೆ ಎಂಬ ಒಂದೇ ಪದವು ಪಕ್ಕೆಲುಬುಗಳ ಒಳಗಿನ ಸ್ಥಳವನ್ನೂ ಧೈರ್ಯವನ್ನೂ ಸೂಚಿಸುವುದರಿಂದಲೇ ಧೈರ್ಯವಂತನು ನಮ್ಮಲ್ಲಿ ಎದೆಗಾರನೆನಿಸಿದನು. ಮನಸ್ಸಿನ ಕ್ಷೋಭೆಯನ್ನು ಮೈಯ ಮಾತಿನಲ್ಲಿ ಹೇಳುವುದನ್ನು ಅಜ್ಞಾನವೆಂದು ಕೆಲವು ವಿದ್ಯಾವಂತರು ಎಣಿಸುವುದುಂಟು. ಅಂಜಿಕೆಯು ಮೊದಲು ತಿಳಿದುಬರುವುದು ಮೈಯಲ್ಲಿಯೇ ಆದ್ದರಿಂದ, ಈ ನುಡಿಗಟ್ಟುಗಳನ್ನು ಅನುಭವದ ನೇರವಾದ ದಾಖಲೆಗಳೆಂದು ಹಿಡಿಯುವುದೇ ಹೆಚ್ಚು ಯುಕ್ತ. ತೊಡಕೂ ಇಲ್ಲಿಯೇ ಇದೆ. ಎದೆಯೇ ಧೈರ್ಯವಾದ ಮೇಲೆ ಎದೆಬಡಿತವು ಧೈರ್ಯಗೇಡಿತನವಾಗುತ್ತದೆ. ರೋಗಚಿಹ್ನೆಯಾಗಿ ಕಾಣಬೇಕಾದದ್ದು ಅಪಮಾನವಾಗಿ ಕಾಣುತ್ತದೆ.

ಈಗ ೧೭೦೫ರ ಪ್ರಸಂಗಕ್ಕೆ ಬರೋಣ. ಸುರಪುರವು ಪ್ರಸಿದ್ಧಿಗೆ ಬರುವ ಮುನ್ನ ಬೇಡ ನಾಯಕರ ನೆಲೆ ವಾಗಿನಗೇರಿಯಲ್ಲಿದ್ದುದು ತಿಳಿದ ವಿಷಯವಷ್ಟೆ. ಪಿಡ್ಡನಾಯಕನ ಆ ಕೋಟೆಯನ್ನು ಔರಂಗಜೇಬನು ತಾನೇ ಬಂದು ಮುತ್ತಿದನು. ಸುಮಾರು ಮೂರು ತಿಂಗಳು ಮುತ್ತಿಗೆ ನಡೆದು ಏಪ್ರಿಲ್ ತಿಂಗಳಲ್ಲಿ ಕೋಟೆ ಮೊಗಲರ ಕೈಸೇರಿತು. ನಾಯಕನು ಮಾತ್ರ ರಾತ್ರಿಯಲ್ಲಿ ತಪ್ಪಿಸಿಕೊಂಡು ಹೋದನು. ಇಷ್ಟು ದೊಡ್ಡ ದಂಡು ಹಿಡಿದದ್ದು ಬರಿಯ ಕೋಟೆಯನ್ನು. ಅನಂತರ ಬಾದಶಹನು ಕೃಷ್ಣಾನದಿಯ ಬಳಿಯ ದೇವಾಪುರದಲ್ಲಿ ಮಳೆಗಾಲ ಕಳೆಯಲು ಬೀಡುಬಿಟ್ಟನು. ಆಗ ಅವನ ವಯಸ್ಸು ೮೬.

ದೇವಾಪುರದಲ್ಲಿ ಅವನು ಹಾಸಿಗೆ ಹಿಡಿದ ಸಂಗತಿಯನ್ನು ಖಾಫಿಖಾನನು ವಿವರವಾಗಿ ಬರೆದಿದ್ದಾನೆ. ಕೈಕಾಲುಗಳಲ್ಲಿ ಅತಿಯಾದ ನೋವು. ಆದರೂ ಜನರಿಗೆ ಸಮಾಧಾನವಾಗಲೆಂದು ಅವನು ಪ್ರಯಾಸದಿಂದ ದರ್ಬಾರಿಗೆ ಬಂದು ಕುಳಿತು ರಾಜಕಾರ್ಯ ನೋಡುತ್ತಿದ್ದನು. ರೋಗ ಬಲಿತು ಮೂರ್ಛೆ ಹೋಗತೊಡಗಿದಾಗ ಬೀಡಿನಲ್ಲಿ ಕೆಟ್ಟ ಸುದ್ದಿಗಳು ಹಬ್ಬಿದವು. ಹತ್ತು ಹನ್ನೆರಡು ದಿವಸ ಸೈನ್ಯವೆಲ್ಲ ತಲ್ಲಣಿಸಿತು. ಶತ್ರುಗಳು ತುಂಬಿದ ಈ ಬೆಟ್ಟದ ನಾಡಿನಲ್ಲಿ ಬಾದಶಹನು ಕಣ್ಣುಮುಚ್ಚಿದರೆ ಒಬ್ಬನೂ ಜೀವಸಹಿತ ಹಿಂದಿರುಗಲಾರನೆಂಬುದು ಎಲ್ಲರ ಭಯವಾಗಿತ್ತು. ಕ್ರಮೇಣ ಅವನು ಚೇತರಿಸಿಕೊಂಡು ಆಗಾಗ ಜನರ ಕಣ್ಣಿಗೆ ಬೀಳತೊಡಗಿದ ಮೇಲೆ ಬೀಡು ಉಸಿರುಬಿಟ್ಟಿತು. ಅಕ್ಟೋಬರ್ ತಿಂಗಳಲ್ಲಿ ಅವನು ಪಲ್ಲಕ್ಕಿಯಲ್ಲಿ ಉತ್ತರಕ್ಕೆ ಹೊರಟು, ೧೭೦೬ರ ಜನವರಿಯಲ್ಲಿ ಅಹಮದನಗರವನ್ನು ಸೇರಿದನು. ಮುಂದಿನ ವರ್ಷ ಅಲ್ಲಿಯೇ ತೀರಿಕೊಂಡನು.

ಬಾದಶಹನ ಬೇನೆ ಮುಪ್ಪಿನದು, ದಣಿವಿನದು. ಅದನ್ನು ಚಿಂತಾರೋಗವೆನ್ನಲು ಆಧಾರವಿಲ್ಲ. ಚಿಂತಾರೋಗ ತಗುಲಿದ್ದು ಬೀಡಿಗೆ. ನಮ್ಮ ವಿಷಯಕ್ಕೆ ಮುಖ್ಯವಾದ ಅಂಶವೆಂದರೆ ಅದಕ್ಕೆ ದೊರೆತ ಔಷಧ ಯಾವುದೆಂಬುದು. ಶತ್ರುಗಳು ಕಡಿಮೆಯಾಗಲಿಲ್ಲ, ಊರು ಹತ್ತಿರವಾಗಲಿಲ್ಲ. ಒಬ್ಬ ಮುದುಕನ ಮುಖ ಕಂಡಿತು, ಅಷ್ಟೆ. ಆ ದರ್ಶನಕ್ಕಾಗಿ ಅವನು ತನ್ನ ನೋವನ್ನು ಅಡಗಿಸಿಕೊಳ್ಳಬೇಕಾಯಿತು. ನೆರೆದವರ ಮೈ ಸಡಿಲಾಗಬೇಕಾದರೆ ಸಿಂಹಾಸನದ ಮೇಲಿನವನ ಮೈ ಬಿಗಿಯಾಗಿರಬೇಕೆಂಬ ಈ ಕಟ್ಟಳೆಯನ್ನು ದೊರೆತನದ ಒಂದು ತೆರಿಗೆಯೆಂದು ಕರೆಯಬಹುದು. ಅದೇ ತೆರಿಗೆಯನ್ನು ನೂರೈವತ್ತಮೂರು ವರ್ಷಗಳ ಅನಂತರ ಪಿಡ್ಡನಾಯಕನ ವಂಶದ ತರುಣನೊಬ್ಬನು ತೆರಬೇಕಾಯಿತು.

ನಾಲ್ವಡಿ ವೆಂಕಟಪ್ಪನಾಯಕನು ಹುಟ್ಟಿದ್ದು ೧೮೩೪ರಲ್ಲಿ. ತಂದೆ ತೀರಿಕೊಂಡಾಗ ಇನ್ನೂ ಬಾಲಕ. ರಾಜ್ಯದ ಮೇಲೆ ಸಾಲದ ಹೊರೆ, ಅರಮನೆಯಲ್ಲಿ ತಾಯಿ ರಾಣಿ ಈಶ್ವರಮ್ಮನಿಗೂ ದಾಯಾದಿಗಳಿಗೂ ವೈಮನಸ್ಯ. ಇದನ್ನು ಸರಿಪಡಿಸಲೆಂದು ಬಂದ ಕ್ಯಾಪ್ಟನ್ ಮೆಡೋಸ್ ಟೇಲರನು ೧೮೫೩ರವರೆಗೆ ಸುರಪುರದಲ್ಲಿದ್ದು ಆಡಳಿತ ನಡೆಸಿದನು. ಬಾಲಕನು ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದನು. ಕಂಪನಿ ಸರಕಾರದ ಅಧಿಕಾರಿಯೊಬ್ಬನನ್ನು ತಂದೆಯೆಂದು ಕರೆಯಬೇಕಾಗಿ ಬಂದ ಮಗುವಿನ ಸ್ಥಿತಿಯನ್ನು ಕುರಿತು ನಮ್ಮ ಗ್ರಂಥಗಳಲ್ಲಿ ಹೆಮ್ಮೆಯ ಮಾತೂ ಇದೆ, ಸಿಟ್ಟಿನ ಮಾತೂ ಇದೆ. ಆ ಮಗುವಿನ ಕಳವಳದ ಮಾತು ಕಡಿಮೆ.

ಟೇಲರನ ಆತ್ಮಚರಿತ್ರೆಯಲ್ಲಿ ಬರುವ ಜಾತಕದ ವೃತ್ತಾಂತವು ಈ ದೃಷ್ಟಿಯಿಂದ ಗಮನಾರ್ಹ. ರಾಜಕುಮಾರನು ಇಪ್ಪತ್ತನಾಲ್ಕನೆಯ ವರ್ಷವನ್ನು ದಾಟಲಾರನೆಂದು ಜಾತಕದಲ್ಲಿ ಬರೆದಿತ್ತು. ಈ ಗುಟ್ಟು ತಾಯಿಗೆ ಗೊತ್ತಿತ್ತು, ಅರಮನೆಯ ಬ್ರಾಹ್ಮಣನಿಗೆ ಗೊತ್ತಿತ್ತು, ಆಮೇಲೆ ಟೇಲರನಿಗೂ ತಿಳಿಯಿತು. ಕಾಲಜ್ಞಾನವೆಂಬುದು ಈ ನಾಡಿಗೆ ಹೊಸದಲ್ಲ. ಕೊಡೇಕಲ್ಲ ಬಸವಣ್ಣನ ಪರಂಪರೆಯ ಕಾಲಜ್ಞಾನದ ಮಾತುಗಳು ಇಲ್ಲಿನ ಜನರ ನಾಲಗೆಯ ಮೇಲೆ ನಿಂತಿವೆ. ಆದರೆ ಲೋಕಕ್ಕೆ ಬರುವ ಕೇಡನ್ನು ಎಲ್ಲರೂ ಕೂಡಿ ಕೇಳುವುದು ಒಂದು ಬಗೆ. ಒಬ್ಬ ಮಗನಿಗೆ ಬರುವ ಕೇಡನ್ನು ತಾಯಿಯೊಬ್ಬಳು ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟುಕೊಂಡು ವರ್ಷ ಎಣಿಸುವುದು ಬೇರೆ ಬಗೆ. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ. ಅರಮನೆಯ ಆ ಮಾಳಿಗೆಯಲ್ಲಿ ನಿದ್ದೆ ಹೇಗಿದ್ದಿರಬಹುದೆಂಬುದನ್ನು ಓದುಗರು ಊಹಿಸಿಕೊಳ್ಳಬಹುದು.

೧೮೫೩ರಲ್ಲಿ ಪ್ರಾಪ್ತವಯಸ್ಕನಾದ ನಾಯಕನಿಗೆ ರಾಜ್ಯ ವಹಿಸಲಾಯಿತು, ಟೇಲರನು ಹೊರಟುಹೋದನು. ಮುಂದಿನ ವರ್ಷಗಳಲ್ಲಿ ತರುಣ ರಾಜನು ದುರ್ವ್ಯಸನಗಳಿಗೆ ಬಿದ್ದನೆಂದು ಟೇಲರನು ಬರೆಯುತ್ತಾನೆ. ಬಂಡೆದ್ದವನ ಮೇಲೆ ಬ್ರಿಟಿಷರ ಲೇಖನಿಯು ಹೊರಿಸುವ ಮಾಮೂಲಿನ ಆಪಾದನೆಗಳಲ್ಲಿ ಇದೂ ಒಂದಾದ್ದರಿಂದ ಎಚ್ಚರದಿಂದ ಓದತಕ್ಕದ್ದು. ನಿಜವೆಂದೇ ಇಟ್ಟುಕೊಂಡರೂ, ಇಪ್ಪತ್ತರ ಹರೆಯದಲ್ಲಿ ಸಾಲ, ಒಳಜಗಳ, ರೆಸಿಡೆಂಟನ ಕಣ್ಗಾವಲು ಇವುಗಳ ನಡುವೆ ಸಿಕ್ಕಿದವನು ಎದೆಯ ತಳಮಳವನ್ನು ಮದ್ಯದಿಂದ ಅಡಗಿಸಲೆತ್ನಿಸುವುದು ಲೋಕದಲ್ಲಿ ಕಾಣದ ಸಂಗತಿಯೇನಲ್ಲ. ಈ ಉಪಾಯವು ಒಂದು ರಾತ್ರಿಯ ಮಟ್ಟಿಗೆ ಫಲಿಸಿ, ಅಮಲು ಇಳಿದಾಗ ನಡುಕವನ್ನೂ ಎದೆಬಡಿತವನ್ನೂ ಮೊದಲಿಗಿಂತ ಹೆಚ್ಚಿಸುತ್ತದೆಂಬುದು ಇಂದಿನ ವೈದ್ಯರೆಲ್ಲರೂ ಒಪ್ಪುವ ಮಾತು.

೧೮೫೮ರ ಫೆಬ್ರವರಿಯ ಸಂಗತಿ ಪ್ರಸಿದ್ಧವಾದುದರಿಂದ ಸಂಕ್ಷೇಪವಾಗಿ ಹೇಳಿದರೆ ಸಾಕು. ಹೈದರಾಬಾದ್ ಕಂಟಿಂಜೆಂಟ್ ದಳದೊಂದಿಗೆ ಬಂದ ಕ್ಯಾಪ್ಟನ್ ವಿಂಡಮನ ಬೀಡಿನ ಮೇಲೆ ಬೇಡ ಪಡೆ ರಾತ್ರಿ ದಾಳಿ ಮಾಡಿತು. ಮರುದಿನದ ಕಾದಾಟದಲ್ಲಿ ಕ್ಯಾಪ್ಟನ್ ನ್ಯೂಬೆರಿ ಮಡಿದನು. ನಾಯಕನು ಕೆಲವೇ ಸವಾರರೊಡನೆ ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಸಿಕ್ಕಿದನು. ಸೆರೆಯಲ್ಲಿದ್ದವನನ್ನು ಟೇಲರನು ಕಂಡು ಮಾತನಾಡಿಸಿದನು. ತನ್ನನ್ನು ಪ್ರೇರಿಸಿದವರ ಹೆಸರು ಹೇಳಲು ರಾಜನು ಒಪ್ಪಲಿಲ್ಲ. ಕಳ್ಳನಂತೆ ಗಲ್ಲಿಗೇರಿಸಬಾರದು, ತೋಪಿನ ಬಾಯಿಗೆ ಕಟ್ಟಿ ಹಾರಿಸಲಿ, ಕಟ್ಟುವಾಗ ತಾನು ನಡುಗುವುದಿಲ್ಲ ಎಂದು ಅವನು ಕೇಳಿಕೊಂಡನೆಂದು ಟೇಲರನ ಬರವಣಿಗೆಯಿಂದ ತಿಳಿಯುತ್ತದೆ.

ಈ ಮಾತನ್ನು ಶೌರ್ಯದ ಉದಾಹರಣೆಯಾಗಿ ಹಲವರು ಎತ್ತಿಕೊಂಡಿದ್ದಾರೆ. ಶೌರ್ಯ ನಿಸ್ಸಂದೇಹ. ಆದರೆ ರಾಜ್ಯ ಹೋಗಿ, ಪ್ರಾಣ ಹೋಗುವ ಸಮಯದಲ್ಲಿ ಇಪ್ಪತ್ತನಾಲ್ಕರ ತರುಣನು ಕೊಡುವ ಭಾಷೆ ತನ್ನ ಮೈಯನ್ನು ಕುರಿತದ್ದೆಂಬುದನ್ನು ಗಮನಿಸಬೇಕು. ಸಾವಿಗೆ ಅಂಜುವುದಿಲ್ಲ ಎಂದು ಹೇಳಿದ್ದರೆ ಸಾಲುತ್ತಿತ್ತು; ಅವನು ಎತ್ತಿದ್ದು ನಡುಕದ ಮಾತನ್ನು. ನಡುಕ ಕಂಡರೆ ಬೇಡರ ದೊರೆ ಹೇಡಿಯಾದನೆಂದು ಲೋಕ ಓದಿಕೊಳ್ಳುತ್ತದೆ ಎಂಬ ಅರಿವು ಅದರ ಹಿಂದೆ ಇದೆ. ಮರಣದಂಡನೆಯನ್ನು ರೆಸಿಡೆಂಟನು ಗಡಿಪಾರಿಗೆ ಇಳಿಸಿದನು. ಗವರ್ನರ್ ಜನರಲನು ಅದನ್ನು ಮತ್ತೂ ಇಳಿಸಿ ನಾಲ್ಕು ವರ್ಷಗಳ ಸೆರೆಯೆಂದು ಗೊತ್ತುಮಾಡಿದನು. ಮದರಾಸಿನ ಕಡೆಗೆ ಕರೆದೊಯ್ಯುವಾಗ, ಮೇ ತಿಂಗಳಲ್ಲಿ, ಮೊದಲ ತಂಗುದಾಣದಲ್ಲಿಯೇ ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದ ರಾಜನು ಮೃತನಾದನು. ಆತ್ಮಹತ್ಯೆಯೇ, ಆಕಸ್ಮಿಕವೇ, ಅನ್ಯರ ಕೈವಾಡವೇ ಎಂಬ ಚರ್ಚೆ ಮುಗಿದಿಲ್ಲ. ಜಾತಕ ಬಲ್ಲವರಿಗೆ ಮಾತ್ರ ಚರ್ಚೆಯೇ ಬೇಕಾಗಲಿಲ್ಲ. ೧೮೬೦ರ ಒಪ್ಪಂದದಂತೆ ಸುರಪುರವು ನಿಜಾಮನ ಆಡಳಿತಕ್ಕೆ ಸೇರಿತು.

ನಡುಕವನ್ನು ಕುರಿತು ಶಾಸ್ತ್ರವೇನು ಹೇಳುತ್ತದೆಂಬುದನ್ನು ಇಲ್ಲಿ ನೋಡುವುದು ಅವಶ್ಯ. ಅಮೆರಿಕದ ಅಂತರ್ಯುದ್ಧದ ಸೈನಿಕರಲ್ಲಿ ಎದೆಬಡಿತ, ಎದೆನೋವು, ಏದುಸಿರುಗಳಿದ್ದೂ ಹೃದಯದಲ್ಲಿ ರೋಗ ಕಾಣದಿದ್ದ ಅನೇಕರನ್ನು ಡಾಕೋಸ್ಟಾ ಎಂಬ ವೈದ್ಯನು ಪರೀಕ್ಷಿಸಿ ೧೮೭೧ರಲ್ಲಿ ಬರೆದನು. ಅವರಲ್ಲಿ ಹೇಡಿಗಳಲ್ಲದವರು ಬಹಳ ಮಂದಿ. ಹಾರ್ವರ್ಡಿನ ವಾಲ್ಟರ್ ಕ್ಯಾನನ್ ೧೯೧೫ರ ತನ್ನ ಗ್ರಂಥದಲ್ಲಿ ಇದರ ಒಳಗಿನ ಕಾರ್ಯಕ್ರಮವನ್ನು ಬಿಡಿಸಿ ತೋರಿಸಿದನು. ಅಪಾಯ ಕಂಡೊಡನೆ ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳಿಂದ ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ. ಹೃದಯ ವೇಗವಾಗಿ ಬಡಿಯುತ್ತದೆ. ರಕ್ತವು ಹೊಟ್ಟೆಯನ್ನೂ ಚರ್ಮವನ್ನೂ ಬಿಟ್ಟು ತೋಳುತೊಡೆಗಳ ಮಾಂಸಖಂಡಗಳಿಗೆ ನುಗ್ಗುತ್ತದೆ. ಆದ್ದರಿಂದ ಕೈ ತಣ್ಣಗಾಗುತ್ತದೆ, ಹೊಟ್ಟೆ ಕಿವುಚುತ್ತದೆ, ಬಾಯಿ ಆರುತ್ತದೆ, ಓಡಲೂ ಹೋರಾಡಲೂ ಸಿದ್ಧವಾಗಿ ಕೆಲಸವಿಲ್ಲದೆ ನಿಂತ ಖಂಡಗಳು ನಡುಗುತ್ತವೆ. ಹೀಗಿರಲಾಗಿ, ತೋಪಿಗೆ ಕಟ್ಟಿಸಿಕೊಂಡವನ ನಡುಕವು ಅವನ ಇಚ್ಛೆಗೆ ಒಳಪಟ್ಟದ್ದಲ್ಲ. ಕೈಕಾಲು ಕಟ್ಟಿದಷ್ಟೂ ಅದು ಹೆಚ್ಚುವುದು ಸಹಜ.

ಇನ್ನೊಂದು ಸಂಗತಿ ಉಸಿರಿನದು. ಗಾಬರಿಯಲ್ಲಿ ಮನುಷ್ಯನು ಮೇಲುಮೇಲಕ್ಕೆ ಬೇಗಬೇಗ ಉಸಿರಾಡುತ್ತಾನೆ. ಅದರಿಂದ ರಕ್ತದಲ್ಲಿನ ಇಂಗಾಲಾಮ್ಲ ವಾಯು ಕಡಿಮೆಯಾಗಿ ತಲೆ ತಿರುಗುತ್ತದೆ, ಬೆರಳ ತುದಿ ಮತ್ತು ತುಟಿಗಳಲ್ಲಿ ಜುಮುಜುಮು ಆಗುತ್ತದೆ. ಪ್ರಾಣವೇ ಹೋಗುತ್ತಿದೆಯೆಂದು ತಿಳಿದು ಅವನು ಇನ್ನಷ್ಟು ಬೇಗ ಉಸಿರೆಳೆಯುತ್ತಾನೆ. ಚಿಹ್ನೆಯ ಭಯದಿಂದ ಚಿಹ್ನೆ ಬೆಳೆಯುವ ಈ ಚಕ್ರವನ್ನು ಮುರಿಯಲು ಉಸಿರನ್ನು ನಿಧಾನಗೊಳಿಸಿ, ಒಳಗೆ ಎಳೆದುದಕ್ಕಿಂತ ಹೆಚ್ಚು ಹೊತ್ತು ಹೊರಗೆ ಬಿಡುವುದು ಉತ್ತಮ ಉಪಾಯ. ಉಸಿರೂ ಮನಸ್ಸೂ ಕೂಡಿ ಚಲಿಸುತ್ತವೆಂಬ ತತ್ತ್ವವನ್ನು ಹಠಯೋಗದ ಗ್ರಂಥಗಳು ಎಂದೋ ಹೇಳಿವೆ. ಖಂಡಗಳನ್ನು ಒಂದೊಂದಾಗಿ ಬಿಗಿಹಿಡಿದು ಸಡಿಲಬಿಡುವ ಕ್ರಮವನ್ನು ಇಪ್ಪತ್ತನೆಯ ಶತಮಾನದಲ್ಲಿ ಜೇಕಬ್‌ಸನ್ ಎಂಬ ವೈದ್ಯನು ಪ್ರಚುರಪಡಿಸಿದನು. ಮೊದಲ ಬಾರಿಗೆ ಎದೆನೋವು ಬಂದವನು ಇದನ್ನೆಲ್ಲ ಆತಂಕವೆಂದು ತಾನೇ ತೀರ್ಮಾನಿಸದೆ ವೈದ್ಯರಿಗೆ ತೋರಿಸಿಕೊಳ್ಳಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇವೆಲ್ಲ ಪಾಶ್ಚಾತ್ಯರು ಬಂದು ಹೇಳಿಕೊಟ್ಟ ವಿದ್ಯೆಯೆಂದು ತಿಳಿಯಬೇಕಾಗಿಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಅತಿಸಾರದ ಬಗೆಗಳನ್ನು ಎಣಿಸುವಾಗ ಭಯದಿಂದ ಹುಟ್ಟುವುದು, ಶೋಕದಿಂದ ಹುಟ್ಟುವುದು ಎಂದು ಎರಡನ್ನು ಬೇರೆಯಾಗಿಯೇ ಹೇಳಿದೆ. ಅವುಗಳಿಗೆ ವಾತಹರ ಚಿಕಿತ್ಸೆಯ ಜೊತೆಗೆ ರೋಗಿಯನ್ನು ಹರ್ಷಗೊಳಿಸುವುದೂ ಆಶ್ವಾಸನೆ ನೀಡುವುದೂ ವಿಹಿತವಾಗಿವೆ. ವಿಷಚಿಕಿತ್ಸೆಯ ಅಧ್ಯಾಯದಲ್ಲಿ ಬರುವ ಶಂಕಾವಿಷವು ಇನ್ನೂ ಸ್ವಾರಸ್ಯಕರ. ಕತ್ತಲೆಯಲ್ಲಿ ಯಾವುದೋ ಚುಚ್ಚಿದಾಗ ಹಾವೇ ಕಚ್ಚಿತೆಂದು ಶಂಕಿಸಿದವನಿಗೆ ವಿಷವಿಲ್ಲದೆಯೇ ಜ್ವರ, ವಾಂತಿ, ಮೂರ್ಛೆ, ದಾಹ ಉಂಟಾಗುತ್ತವೆಂದು ಅಲ್ಲಿ ಹೇಳಿದೆ. ಅದಕ್ಕೆ ಸಕ್ಕರೆ, ದ್ರಾಕ್ಷಿ, ಜ್ಯೇಷ್ಠಮಧು ಮೊದಲಾದ ಸೌಮ್ಯ ದ್ರವ್ಯಗಳು, ಮಂತ್ರೋದಕದ ಪ್ರೋಕ್ಷಣೆ, ಸಾಂತ್ವನ. ಇಲ್ಲಿ ಚರಕನು ರೋಗಿಯನ್ನು ಗದರಿಸುವುದಿಲ್ಲ, ನಿನಗೇನೂ ಆಗಿಲ್ಲ ಎಂದು ಎಬ್ಬಿಸಿ ಕಳಿಸುವುದೂ ಇಲ್ಲ. ಹಾವು ಸುಳ್ಳಾದರೂ ಮೂರ್ಛೆ ನಿಜವೆಂಬುದು ಅವನ ನಿಲುವು. ಹೊಲದಲ್ಲಿ ರಾತ್ರಿ ಕಾವಲಿರುವ ರೈತರ ಈ ಸೀಮೆಗೆ ಇದಕ್ಕಿಂತ ಹತ್ತಿರದ ದೃಷ್ಟಾಂತ ಸಿಗದು. ಜಾತಕದಲ್ಲಿ ಬರೆದ ಮರಣವೂ ಅದನ್ನು ಬಲ್ಲವರ ಪಾಲಿಗೆ ಒಂದು ಬಗೆಯ ಶಂಕಾವಿಷವೇ. ಶಾಪಕ್ಕೆ ಗುರಿಯಾದವರು ಭಯದಿಂದಲೇ ಸಾಯಬಹುದೇ ಎಂಬುದನ್ನು ಕುರಿತು ಕ್ಯಾನನ್ ೧೯೪೨ರಲ್ಲಿ ಒಂದು ಪ್ರಬಂಧವನ್ನೇ ಬರೆದನು.

ಟೇಲರನ ವಿಷಯವಾಗಿಯೂ ಒಂದು ಮಾತು. ೧೮೪೪ರಲ್ಲಿ ಹೆಂಡತಿಯನ್ನು ಕಳೆದುಕೊಂಡು, ಬೆಟ್ಟದ ಮೇಲಿನ ಬಂಗಲೆಯಲ್ಲಿ ಒಬ್ಬನೇ ವಾಸವಾಗಿದ್ದ ಅವನು ಚಿತ್ರ ಬರೆಯುತ್ತಿದ್ದನು, ರಾಜನ ಕೋಳೂರಿನ ಶಿಲಾಸಮಾಧಿಗಳನ್ನು ಅಳೆದು ವಿದ್ವತ್ಸಭೆಯ ಪತ್ರಿಕೆಗೆ ಲೇಖನ ಕಳಿಸುತ್ತಿದ್ದನು. ಅವನ ಪ್ರಾಕ್ತನ ಸಂಶೋಧನೆಯನ್ನು ಹೊಗಳುವ ನಾವು, ಅದು ಅವನ ಸಂಜೆಗಳನ್ನು ಸಹನೀಯವಾಗಿಸಿದ ಸಾಧನವೂ ಆಗಿದ್ದಿರಬಹುದೆಂದು ಯೋಚಿಸುವುದಿಲ್ಲ. ಇದು ಈ ಲೇಖಕನ ಊಹೆ. ಕೊನೆಗೆ ಅವನ ಆರೋಗ್ಯವೂ ಕೆಟ್ಟು ೧೮೬೦ರಲ್ಲಿ ಭಾರತವನ್ನು ಬಿಟ್ಟನು. ‘ತಾರಾ’ ಮೊದಲಾದ ಕಾದಂಬರಿಗಳನ್ನು ಅನಂತರ ಬರೆದನು. ಅವನಿಗೆ ರಜೆಯೂ ನಿವೃತ್ತಿವೇತನವೂ ಇದ್ದವು, ಬರೆದುಕೊಳ್ಳಲು ಕಾಗದವಿತ್ತು. ಅವನನ್ನು ಅಪ್ಪಾ ಎಂದವನಿಗೆ ಇವು ಯಾವುವೂ ಇರಲಿಲ್ಲ.

ಸಾಮಾನ್ಯ ಜನರ ಉಪಾಯಗಳು ಬೇರೆ. ಅಂಜಿದ ಮಗುವಿಗೆ ನಿವಾಳಿಸುವುದು, ತಾಯಿತ ಕಟ್ಟಿಸುವುದು, ಗೋಗಿಯ ದರ್ಗಾಕ್ಕೋ, ಶಹಾಪುರದ ಚರಬಸವೇಶ್ವರ ಗದ್ದುಗೆಗೋ, ಯಾದಗಿರಿಯ ಹತ್ತಿರದ ಮೈಲಾಪುರ ಮಲ್ಲಯ್ಯನಿಗೋ ಹರಕೆ ಹೊರುವುದು ಇಂದಿಗೂ ನಡೆದಿವೆ. ಕೃಷ್ಣೆಯ ದಡದ ತಿಂಥಣಿಯಲ್ಲಿ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುವ ದೇವರ ಹೆಸರೇ ಮೌನೇಶ್ವರ. ದೇವಾಪುರದ ಬೀಡು ತಲ್ಲಣಿಸಿದ್ದು ಇದೇ ಹೊಳೆಯ ಸೀಮೆಯಲ್ಲಿ. ಈ ಯಾತ್ರೆಗಳಲ್ಲಿ ಮೈ ದಣಿಯುವಂತೆ ನಡೆಯುವುದಿದೆ, ಜೊತೆಗೆ ಹತ್ತು ಜನರಿದ್ದಾರೆ, ಕಷ್ಟವನ್ನು ಬಾಯಿಬಿಟ್ಟು ಹೇಳಿಕೊಳ್ಳಲು ಸ್ಥಳವಿದೆ, ಯಾರೂ ನಗುವುದಿಲ್ಲ. ಇವುಗಳಿಂದ ಎದೆಯ ಭಾರ ಇಳಿಯುವುದನ್ನು ಅಲ್ಲಗಳೆಯಲಾಗದು. ಆದರೆ ತಾಯಿತವನ್ನೇ ನಂಬಿ ವರ್ಷಗಟ್ಟಲೆ ನಿದ್ದೆಗೆಟ್ಟು ಸೊರಗಿದವರನ್ನೂ ಈ ಊರುಗಳಲ್ಲಿ ಕಾಣಬಹುದು. ಪೂಜಾರಿಯ ಬಳಿಗೆ ಹೋದವರು ವೈದ್ಯರ ಬಳಿಗೂ ಹೋಗಲು ಅಡ್ಡಿಯೇನೆಂದು ಈ ಲೇಖಕನಿಗೆ ತೋರದು.

ಆ ದಾರಿ ಹಿಂದಿನಷ್ಟು ದೂರವಿಲ್ಲ. ೧೯೭೪ರಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆಯು ೧೯೮೦ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯನ್ನು ಆಯ್ದುಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೇ ಮನೋವ್ಯಾಧಿಗಳ ಚಿಕಿತ್ಸೆಯಲ್ಲಿ ತರಬೇತಿ ಕೊಟ್ಟಿತು. ಆ ಮಾದರಿಯ ಮೇಲೆ ೧೯೯೬ರಿಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ದೇಶದಲ್ಲಿ ಹರಡಿತು. ಗುಲಬರ್ಗಾದಿಂದ ಬೇರ್ಪಟ್ಟು ಯಾದಗಿರಿ ಜಿಲ್ಲೆಯಾದದ್ದು ೨೦೦೯ರ ಕೊನೆಯಲ್ಲಿ. ೨೦೨೨ರ ಅಕ್ಟೋಬರಿನಿಂದ ಟೆಲಿ-ಮಾನಸ್ ಎಂಬ ಸರಕಾರಿ ದೂರವಾಣಿ ವ್ಯವಸ್ಥೆಯೂ ಇದ್ದು, ೧೪೪೧೬ ಎಂಬ ಸಂಖ್ಯೆಗೆ ಹಣವಿಲ್ಲದೆ ಕರೆ ಮಾಡಬಹುದು. ಕನ್ನಡದಲ್ಲಿ ಮಾತನಾಡುವವರು ಸಿಗುತ್ತಾರೆ. ರೋಗದ ಹೆಸರು ತಿಳಿದಿರಬೇಕೆಂಬ ನಿಯಮವೇನೂ ಅಲ್ಲಿಲ್ಲ. ಎದಿ ಹಾರ್ತದ, ನಿದ್ದಿ ಬರವಲ್ದು ಎಂದು ಹೇಳಿದರೆ ಮಾತು ಮುಂದುವರಿಯುತ್ತದೆ.